ತೆರೆ ಹಾಕಿದ ಹೊತ್ತು

ಪಾರಿವಾಳವೊಂದರ ನೆರಳು ಮಾನಿಟರಿನ ಮೇಲೆ ಹಾದುಹೋಯಿತು, ಅಕ್ಷರಗಳೆಲ್ಲ ಒಂದು ಕ್ಷಣ ರೆಕ್ಕೆಯೊಳಗೆ ಸಿಕ್ಕಿ ಮತ್ತೆ ಬಿಡಿಸಿಕೊಂಡವು, ಕಿಟಕಿಯಾಚೆ ಎ.ಸಿ. ಡಬ್ಬಿಯ ಮೇಲೆ ಅದರ ಗುಟುರು, ಇವಕ್ಕೆ ಘಾಜಿಯಾಬಾದಿನ ಈ ಆರನೇ ಮಹಡಿಯೇ ಬೇಕೇ, ಇರಲಿ ಬಿಡು, ದೇವಿಯ ದಿನ, ಇವತ್ತು ಯಾರನ್ನೂ ಹೊಡೆದೋಡಿಸುವುದು ಬೇಡ — ಶರ್ಮಿಳಾ ಮತ್ತೆ ಕೆಳಗಿನ ಸಾಲಿಗೆ ಬಂದಳು, ಯಂತ್ರ ತಾನೇ ಬರೆದಿಟ್ಟ ನಿನ್ನೆಯ ಲಾಗಿನ ಕೊನೆಯ ಸಾಲು, ಮೊನ್ನೆಯದರಲ್ಲೂ ಅದೇ, ಆಚೆ ಮೊನ್ನೆಯದರಲ್ಲೂ ಅದೇ, ಕನೆಕ್ಷನ್ ಕ್ಲೋಸ್ಡ್ ಕ್ಲೀನ್‌ಲಿ, ಚೊಕ್ಕಟವಾಗಿ ಮುಚ್ಚಿತು, ಉಂಡವರು ಎಲೆ ಮಡಚಿ ಎದ್ದುಹೋದ ಹಾಗೆ, ಜಗಳವಿಲ್ಲ, ದೂರಿಲ್ಲ, ಮುಚ್ಚಿದ್ದು ಯಾರು ಎನ್ನುವುದೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಿಫ್ಯೂಸ್ಡ್ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರೆ ಅಲ್ಲಿ ಮನೆಯಿದೆ, ಆ ಬಾಗಿಲ ಹಿಂದೆ ಯಾರೂ ಕೂತಿಲ್ಲ ಎಂದು ತಿಳಿಯುತ್ತದೆ, ಟೈಮ್ಡ್ ಔಟ್ ಎಂದರೆ ದಾರಿಯಲ್ಲೇ ಯಾರೋ ಗೋಡೆ ಕಟ್ಟಿದ್ದಾರೆ ಎಂದು ತಿಳಿಯುತ್ತದೆ, ಪಾಡ್ಯದ ದಿನ ಹಾಗೇ ಆಗಿತ್ತಲ್ಲ, ಚಿಕ್ಕಪ್ಪನ ಮಗ ತಿಲಕ್ ಊರಿನ ಮೋಡೆಮ್ಮಿನಲ್ಲಿ ಬಾಗಿಲು ತೆರೆಯುವುದನ್ನೇ ಮರೆತಿದ್ದ, ಮರುದಿನ ಇವಳೇ ಹಿಂದಿನ ದಿನದ ವಿಳಾಸವನ್ನು ಟೈಪಿಸಿ ಯಾರದೋ ಅಪರಿಚಿತರ ಮನೆ ತಟ್ಟಿ ಬೈಸಿಕೊಂಡು ಬಂದಿದ್ದಳು — ಅಕ್ಕಾ, ಅದು ನಿನ್ನೆಯ ನಂಬರು, ಮೋಡೆಮ್ ಆಫ್ ಮಾಡಿದ ಕೂಡಲೆ ನಂಬರು ಬೇರೆಯವರಿಗೆ ಹೋಗ್ತದೆ, ಇವತ್ತಿಂದು ಬರ್ಕೊಳ್ಳಿ. ಆ ತಪ್ಪುಗಳೆಲ್ಲ ಒಂದೊಂದಾಗಿ ಕೈಗೆ ಸಿಕ್ಕಿದವು, ಹುಣಸೆಹಣ್ಣಿನಿಂದ ಬೀಜ ಬಿಡಿಸಿದ ಹಾಗೆ ಬಿಡಿಸಿ ಬದಿಗಿಟ್ಟಳು. ಇದೊಂದು ಮಾತ್ರ ಕೈಗೆ ಬರಲೊಲ್ಲದು. ದಿನವೂ ಊರಿನ ಗುಡಿಯಿಂದ ದನಿ ಬರುತ್ತದೆ, ಚೆಂಡೆ, ಶಂಖ, ಜನರ ಗುಜುಗುಜು, ಅಲ್ಲಿನ ಕಾಗೆ ಕೂಡ, ಆಮೇಲೆ ಎಲ್ಲೋ ಒಂದು ಕಡೆ ನಿಂತುಹೋಗುತ್ತದೆ, ಆ ದೊಡ್ಡ ಗಂಟೆ ಮಾತ್ರ ಬರುವುದಿಲ್ಲ, ಯಾವುದೊಂದಕ್ಕಾಗಿ ಇಷ್ಟೆಲ್ಲ ಮಾಡಿದ್ದೋ ಅದೊಂದೇ ಬರುವುದಿಲ್ಲ. ಬೆನ್ನ ಹಿಂದೆ ಮಂಚ ಕಿರುಗುಟ್ಟಿತು, ಅಪ್ಪಯ್ಯ ಎಡಗೈಯಿಂದ ಸ್ವಾಧೀನ ತಪ್ಪಿದ ಬಲಗೈಯನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಳ್ಳುತ್ತಿರಬೇಕು, ಬೇರೆಯವರ ಮಗುವನ್ನು ಎತ್ತಿಕೊಳ್ಳುವಷ್ಟು ಜೋಪಾನದಿಂದ, ತಿರುಗಿ ನೋಡದೆಯೇ ಅವಳಿಗೆ ಕಾಣುತ್ತದೆ, ನೋಡಿದರೆ ಕೇಳುತ್ತಾರೆ, ಕಣ್ಣಿನಿಂದಲೇ, ಇವತ್ತು ಬರ್ತದಾ ಮಗಾ ಎಂದು. ಇವತ್ತು ಮಹಾನವಮಿ. ನಾಳೆ ವಿಜಯದಶಮಿಯ ಬೆಳಗ್ಗೆಯೇ ತಿಲಕ್ ಲ್ಯಾಪ್‌ಟಾಪು ಕಟ್ಟಿಕೊಂಡು ಮಂಗಳೂರಿನ ತನ್ನ ಕೆಲಸಕ್ಕೆ ಹೋಗುತ್ತಾನೆ, ಇನ್ನು ಬರುವ ನವರಾತ್ರಿಗೆ, ಬರುವ ನವರಾತ್ರಿಗೆ — ಡಾಕ್ಟರು ಮೊನ್ನೆ ಹೊರಗೆ ಕರೆದು ಹೇಳಿದ್ದನ್ನು ಈಗ ನೆನೆಯಬಾರದು, ಈ ಸಾಲನ್ನು ನೋಡು, ಕ್ಲೋಸ್ಡ್ ಕ್ಲೀನ್‌ಲಿ, ಮುಚ್ಚಿದವರು ಯಾರು ಹೇಳು ತಾಯಿ.

ಆ ಡಬ್ಬಿಯ ಮುಂದೆ ಕೂತು ಕೈಮುಗಿದರೆ ಗಂಟೆ ಬರ್ತದಾ, ಬಾ, ಒಂದು ಲೋಟ ಕಾಫಿ ಆದ್ರೂ ಕುಡಿ — ಅಡುಗೆಮನೆಯಿಂದ ಅಮ್ಮ, ಸುಮಿತ್ರಾ, ನಲವತ್ತು ವರ್ಷ ದಿಲ್ಲಿಯ ಗೋಧಿಹಿಟ್ಟು ಕಲಸಿದರೂ ಮಾತಿನಲ್ಲಿ ಕುಂದಾಪುರದ ಕಡಲ ಗಾಳಿ ಆರಿಲ್ಲದವಳು, ಅವಳಿಗೆ ಈ ಯಂತ್ರದ ಮೇಲೆ ನಂಬಿಕೆಯಿಲ್ಲ, ಫೋನಿನಲ್ಲಿ ಆಗಲಿಲ್ಲ ಇನ್ನು ಇದರಲ್ಲಿ ಆಗ್ತದಾ ಎನ್ನುತ್ತಾಳೆ. ಫೋನಿನಲ್ಲಿ ಆಗಲಿಲ್ಲ, ನಿಜ. ಮೊದಲು ಅದನ್ನೇ ಮಾಡಿ ನೋಡಿದ್ದು, ಯುಗಾದಿಗೆ, ಗುಡಿಯಲ್ಲಿ ಪೂಜೆ ಮಾಡುವ ಭಟ್ಟರ ಮನೆಯ ಲ್ಯಾಂಡ್‌ಲೈನಿಗೆ ಕಾರ್ಡ್‌ಲೆಸ್ ಜೋಡಿಸಿ ತಿಲಕ್ ಗುಡಿಯ ಅಂಗಳದವರೆಗೆ ಹಿಡಿದುಕೊಂಡು ಹೋಗಿದ್ದ, ಗಂಟೆ ಬಂತು, ತಗಡಿನ ತಟ್ಟೆಗೆ ಚಮಚ ಬಡಿದ ಹಾಗೆ, ಅಪ್ಪಯ್ಯ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಕಂಪ್ಯೂಟರಿನಲ್ಲಿ ಮಾತಾಡುವ ಸಿದ್ಧ ಸಾಮಾನುಗಳು ಇನ್ನೂ ವಿಚಿತ್ರ, ಮನುಷ್ಯರ ಮಾತನ್ನು ಮಾತ್ರ ದನಿ ಎಂದುಕೊಂಡು ಗಂಟೆಯನ್ನು ಗದ್ದಲವೆಂದು ಅಳಿಸಿಬಿಟ್ಟವು, ಭಟ್ಟರು ಕೆಮ್ಮಿದ್ದು ಸ್ಪಷ್ಟವಾಗಿ ಬಂತು, ದೇವಿಯ ಗಂಟೆ ಬರಲಿಲ್ಲ. ಹೊನ್ನೆಕಟ್ಟೆಯ ಆ ಗಂಟೆ ಅಂಥಿಂಥದ್ದಲ್ಲ ಎಂದು ಅಪ್ಪಯ್ಯ ಹೇಳುತ್ತಿದ್ದರು, ಬಾಯಿ ತೊದಲುವುದಕ್ಕೆ ಮುಂಚೆ, ಹೊಡೆದಾಗ ಬರುವುದು ಒಂದು ದನಿ, ಅದು ಇಳಿಯುತ್ತ ಬಂದಾಗ ಅದರ ಹೊಟ್ಟೆಯಿಂದ ಇನ್ನೊಂದು ಏಳುತ್ತದೆ, ಜೇನುಗೂಡಿನ ಹತ್ತಿರ ಕಿವಿಯಿಟ್ಟ ಹಾಗೆ, ಆ ಎರಡನೆಯದು ದೇವಿ ಓಗೊಟ್ಟದ್ದು ಮಗಾ, ಮೊದಲನೆಯದು ನಾವು ಕರೆದದ್ದು. ದೇವಾಡಿಗರ ಮನೆಯವರಿಗೆ ಗುಡಿಯ ವಾದ್ಯದ ಸೇವೆ, ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದದ್ದು, ಅಪ್ಪಯ್ಯ ಆಗ ಅಣ್ಣು ಎಂಬ ಪುಟ್ಟ ಹುಡುಗ, ಮರದ ಮಣೆ ಹತ್ತಿ ನಿಂತು ಆ ಗಂಟೆಯ ಹಗ್ಗಕ್ಕೆ ಜೋತುಬೀಳುತ್ತಿದ್ದನಂತೆ, ಮೀಸೆ ಚಿಗುರುವ ಹೊತ್ತಿಗೆ ದಿಲ್ಲಿಯ ಹೋಟೆಲಿಗೆ ಹೊರಟನಂತೆ, ಹಗ್ಗವನ್ನು ತಮ್ಮ ಶಂಕರಪ್ಪನ ಕೈಗಿಟ್ಟು, ಬರುವ ವರ್ಷ ನಾನೇ ಹೊಡೀತೇನೆ, ಅಲ್ಲಿಯತನಕ ಹಿಡ್ಕೋ ಎಂದು. ಚಿಕ್ಕಪ್ಪ ಇನ್ನೂ ಹಿಡಿದುಕೊಂಡೇ ಇದ್ದಾರೆ.

ಅವರ ಮಗ ತಿಲಕ್ ಹೊಸ ಕಾಲದವನು, ಅಕ್ಕಾ ಲೈನ್ ಎಳೆಯೋದು ನನ್ನ ಕೆಲಸ, ಪ್ರೋಗ್ರಾಮು ನಿಮ್ಮದು ಎಂದ, ಭಟ್ಟರ ಮನೆಯ ಬ್ರಾಡ್‌ಬ್ಯಾಂಡಿನಿಂದ ತೆಂಗಿನ ಮರದಿಂದ ಮರಕ್ಕೆ ವಯರು ಕಟ್ಟಿ ಗುಡಿಯ ಜಗಲಿಯವರೆಗೆ ತಂದ. ಇವಳು ನೋಯ್ಡಾದ ಆಫೀಸಿನಲ್ಲಿ ಬಳಸುವ ಲೈಬ್ರರಿಯನ್ನೇ, ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮನ್ನೇ, ತೆಗೆದುಕೊಂಡು ಬರೆದಳು, ಅಲ್ಲಿ ಹೊಸದಾಗಿ ಸೇರಿದವರೆಲ್ಲ ಅದಕ್ಕೆ ತಲೆ ಚಚ್ಚಿಕೊಳ್ಳುತ್ತಾರೆ, ಯಾರ್ ಯೆ ಉಲ್ಟಾ ಹೈ, ಕೆಲಸ ಮಾಡಿಸೋಕೆ ನಾವು ಅದನ್ನ ಕರೆಯಬೇಕಾ ಅದು ನಮ್ಮನ್ನ ಕರೆಯುತ್ತಾ, ಇವಳಿಗೆ ಮಾತ್ರ ಅದು ಉಲ್ಟಾ ಅನ್ನಿಸಿದ್ದೇ ಇಲ್ಲ, ಲಕ್ಷ್ಮೀನಗರದ ಅಪ್ಪಯ್ಯನ ಹೋಟೆಲಿನಲ್ಲಿ ಗಲ್ಲಾದ ಪಕ್ಕ ಕೂತು ಹೋಮ್‌ವರ್ಕ್ ಮಾಡಿದವಳಲ್ಲವೇ, ಸಪ್ಲೈಯರು ಒಂದು ಮಸಾಲೆದೋಸೆಗಾಗಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾನೆಯೇ, ಕೂಗಿ ಹೇಳುತ್ತಾನೆ, ಇನ್ನೊಂದು ಮೇಜಿಗೆ ನೀರಿಡುತ್ತಾನೆ, ಮತ್ತೊಂದರ ಎಂಜಲು ಒರೆಸುತ್ತಾನೆ, ದೋಸೆಯಾದಾಗ ಒಳಗಿನವರೇ ಕರೆಯುತ್ತಾರೆ, ಒಬ್ಬನಿಗಾಗಿ ನಿಂತುಬಿಟ್ಟರೆ ಇಡೀ ಹೋಟೆಲೇ ನಿಂತುಹೋಗುತ್ತದೆ. ಲೈಬ್ರರಿಯೂ ಅಷ್ಟೇ, ದನಿ ಬಂದರೆ ಇದನ್ನು ಕರಿ, ಲೈನು ಹೋದರೆ ಅದನ್ನು ಕರಿ ಎಂದು ಹೇಳಿಟ್ಟು ನೀನು ಪಕ್ಕಕ್ಕೆ ಸರಿ, ಅದು ಸುತ್ತುತ್ತಲೇ ಇರುತ್ತದೆ, ಲೈನು ಬಂದು ಸೇರುವ ಯಾವ ಸಾಕೆಟ್ಟಿನ ಹತ್ತಿರವೂ ನಿಲ್ಲದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತ. ಕಾವಲಿಯ ಮುಂದೆ ಅಪ್ಪಯ್ಯ ಹಾಗೇ ಇದ್ದರು, ಯಾರಿಗೂ ಕಾಯದೆ, ಎಲ್ಲರನ್ನೂ ಕೇಳಿಸಿಕೊಂಡು, ಆದರೆ ನವರಾತ್ರಿಯ ಮಧ್ಯಾಹ್ನ, ನೀರುಳ್ಳಿ ಇಲ್ಲದ್ದು ಕೊಡಿ ಭಯ್ಯಾ ಎಂದು ವ್ರತದವರೆಲ್ಲ ಮುಗಿಬಿದ್ದ ಹೊತ್ತಿನಲ್ಲೇ, ಉರಿ ಸಣ್ಣ ಮಾಡಿ ಟೈಲ್ಸಿನ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದರು, ಅಣ್ಣಾ ಗ್ಯಾಸ್ ಹೋಯ್ತಾ, ಅಣ್ಣಾ ಮೂರು ಮಸಾಲೆ ಎಲ್ಲಿ, ಒಮ್ಮೆ ಪುಟ್ಟ ಶರ್ಮಿಳಾ ಹೋಗಿ ಲುಂಗಿಯ ಅಂಚು ಜಗ್ಗಿದಳು, ಅಪ್ಪಯ್ಯಾ ಗಂಟೆ ಇಲ್ಲಿಗೆ ಕೇಳ್ತದಾ, ಅವರು ಬಗ್ಗಿ ಹೇಳಿದರು, ಇಲ್ಲಿಗೆ ಹೇಗೆ ಕೇಳ್ತದೆ ಮಾರಾಯ್ತಿ, ಮುಂದಿನ ವರ್ಷ ಹೋಗಿಯೇ ಕೇಳುವ. ಮುಂದಿನ ವರ್ಷ ಅಡುಗೆಯವನು ಬಿಟ್ಟುಹೋದ, ಅದರ ಮುಂದಿನ ವರ್ಷ ಇವಳ ಪರೀಕ್ಷೆ, ಆಮೇಲೆ ಮದುವೆ, ಆಮೇಲೆ ಹೋಟೆಲು ಮಾರಿದ್ದು, ಕಳೆದ ವರ್ಷ ರೈಲಿಗೆ ಟಿಕೆಟ್ಟು ಮಾಡಿಸಿ ಆಗಿತ್ತು, ಅಪ್ಪಯ್ಯ ಸ್ನಾನದ ಮನೆಗೆ ಹೋಗಿದ್ದರು, ಒಳಗೆ ಬಕೆಟ್ಟು ಉರುಳಿದ ಸದ್ದಾಯಿತು. ಇಲ್ಲ, ಆ ಸದ್ದು ಈಗ ಬೇಡ.

ಮಮ್ಮಾ ದೇಖೋ, ಏಳು ಮನೆಯ ಕಂಜಕ್, ಹಲ್ವಾ ಪೂರಿ ಚನಾ, ನನ್ನ ಪೇಟ್ ಫುಲ್ — ಮಗಳು ಅನನ್ಯಾ ಬಂದಳು, ತಲೆಯ ಮೇಲೆ ಜರಿಯ ಚುನ್ನಿ, ಅಕ್ಕಪಕ್ಕದ ಭಾಭಿಯರು ನವಮಿಯ ದಿನ ಹೆಣ್ಣುಮಕ್ಕಳ ಕಾಲು ತೊಳೆದು ದೇವಿಯೆಂದು ಕೂರಿಸಿ ಬಡಿಸುತ್ತಾರೆ, ದೇವಿ ಈಗ ಸೋಫಾದ ಮೇಲೆ ಬಿದ್ದುಕೊಂಡು ತೇಗುತ್ತಿದ್ದಾಳೆ, ಅಜ್ಜನ ಬೆಲ್ ಬಂತಾ, ನಹೀಂ ಆಯಾ? ಅರೇ, ತಿಲಕ್ ಮಾಮನಿಗೆ ಫೋನ್ ಮಾಡಿ ಕೇಳಿ ನಾ, ಅವರೇ ಬಂದ್ ಮಾಡ್ತಾರೆ ಅಂತ ನೀವೇ ಬೋಲಾ ಥಾ. ಹೌದು, ಅವನಿಗೇ ಹಾಗೆಂದಿದ್ದಳು, ನಿನ್ನೆ, ಸಿಟ್ಟಿನಲ್ಲಿ, ನಿನ್ನ ಕಡೆಯಿಂದಲೇ ಮುಚ್ತಾ ಇದೆ ತಿಲಕ್, ವಯರು ಬದಲಿಸು, ಲ್ಯಾಪ್‌ಟಾಪು ನಿದ್ದೆ ಹೋಗ್ತದಾ ನೋಡು, ಯಾರಾದ್ರೂ ಪ್ಲಗ್ ಕೀಳ್ತಾರಾ ನೋಡು, ಅವನು ಪಾಪ ಎಲ್ಲ ಮಾಡಿದ, ಕೊನೆಗೆ ಅಕ್ಕಾ ನಿಮ್ಮ ದಿಲ್ಲಿಯ ಲೈನಿಗೇ ನಮ್ಮ ದೇವಿಯನ್ನ ತಡ್ಕೊಳ್ಳೋ ಶಕ್ತಿ ಇಲ್ಲ ಎಂದು ನಕ್ಕ, ನಗುವಿನ ಕೆಳಗೆ ನೋವಾದದ್ದು ಗೊತ್ತಾಯಿತು. ಇವಳು ಲಾಗುಗಳನ್ನು ಪಕ್ಕಪಕ್ಕಕ್ಕೆ ಇಟ್ಟುಕೊಂಡಳು, ಬಂದ ದನಿಯ ಗುರುತುಗಳು ಒಂದರ ಕೆಳಗೊಂದು ಒತ್ತೊತ್ತಾಗಿ, ಆಮೇಲೆ ಖಾಲಿ, ಆಮೇಲೆ ಚೊಕ್ಕಟವಾಗಿ ಮುಚ್ಚಿದ್ದು, ಪ್ರತಿ ದಿನವೂ ಖಾಲಿಯ ಉದ್ದ ಒಂದೇ, ಅಳೆದು ಕತ್ತರಿಸಿದ ಹಾಗೆ ಒಂದೇ, ಕೆಟ್ಟ ವಯರು ಇಷ್ಟು ನಿಯಮದಿಂದ ಕೆಡುತ್ತದೆಯೇ, ಫೋನೆತ್ತಿದಳು. ತಿಲಕ್ ಗುಡಿಯ ಹೊರಗೆ, ಕೆರೆಯ ಪಕ್ಕದಲ್ಲಿ, ಸಿಗ್ನಲ್ ಸಿಗುವ ಆ ಒಂದೇ ಜಾಗದಲ್ಲಿ. ತಿಲಕ್, ಚೆಂಡೆ ನಿಂತ ಮೇಲೆ, ಗಂಟೆ ಹೊಡೆಯೋದಕ್ಕೆ ಮುಂಚೆ, ಅಲ್ಲಿ ಏನು ನಡೀತದೆ? ಏನೂ ನಡೆಯಲ್ಲ ಅಕ್ಕ. ಏನೂ ಅಂದ್ರೆ? ಏನೂ ಅಂದ್ರೆ ಏನೂ ಇಲ್ಲ, ನೈವೇದ್ಯ ಅಲ್ವಾ, ಭಟ್ಟರು ತೆರೆ ಹಾಕ್ತಾರೆ, ನಮ್ಮಲ್ಲಿ ಆ ಹೊತ್ತಿಗೆ ವಾದ್ಯವೂ ಇಲ್ಲ ಮಾತೂ ಇಲ್ಲ, ಮಕ್ಕಳ ಬಾಯಿಯನ್ನೂ ಮುಚ್ಚಿ ಹಿಡ್ಕೊಳ್ತಾರೆ, ಅಷ್ಟೊಂದು ಜನ ಇರ್ತಾರೆ ಅಂತ ಹೇಳಿದ್ರೆ ನೀವು ನಂಬಲಿಕ್ಕಿಲ್ಲ, ಹೂವು ಬಿದ್ರೆ ಕೇಳಬೇಕು. ಎಷ್ಟು ಹೊತ್ತು? ಅದನ್ನ ಯಾರು ಲೆಕ್ಕ ಹಾಕ್ತಾರೆ, ಅವಳು ಉಂಡು ಏಳುವಷ್ಟು ಹೊತ್ತು.

ಉಂಡು ಏಳುವಷ್ಟು ಹೊತ್ತು. ಶರ್ಮಿಳಾ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ತಾನು ಬರೆದ ಪ್ರೋಗ್ರಾಮನ್ನು ತೆರೆದಳು, ಆಚೆಯಿಂದ ಅಕ್ಕಾ ಅಕ್ಕಾ ಎಂದು ಸಣ್ಣಗೆ ಕೇಳುತ್ತಲೇ ಇದೆ. ಮುಚ್ಚಿದವಳು ತಾನೇ. ಹಳ್ಳಿಯ ಲೈನು ತೆಳ್ಳಗಿನದು, ಭಾರ ಬೇಡ ಎಂದು, ದನಿಯಿಲ್ಲದಾಗ ಏನನ್ನೂ ಕಳಿಸಬೇಡ ಎಂದು ತಿಲಕನ ಕಡೆಯ ಪ್ರೋಗ್ರಾಮಿಗೆ ಹೇಳಿದವಳು ಅವಳು, ಬಹಳ ಹೊತ್ತು ಏನೂ ಬಾರದಿದ್ದರೆ ಆಚೆಯವನು ಸತ್ತಿದ್ದಾನೆಂದು ತಿಳಿದು ಚೊಕ್ಕಟವಾಗಿ ಮುಚ್ಚು ಎಂದು ತನ್ನ ಕಡೆಯದಕ್ಕೆ ಹೇಳಿದವಳೂ ಅವಳೇ, ಆಫೀಸಿನಲ್ಲಿ ಕಲಿತ ಶಿಸ್ತು, ಸುಮ್ಮನೆ ಕೂತ ಸಾಕೆಟ್ಟನ್ನು ಎಬ್ಬಿಸಿ ಕಳಿಸಬೇಕು, ಮೇಜು ಖಾಲಿ ಮಾಡಿಸಬೇಕು, ಎರಡೂ ಅವಳೇ ಪ್ರೀತಿಯಿಂದ ಬರೆದ ಸಾಲುಗಳು, ಎರಡೂ ಸೇರಿ ದಿನವೂ ದೇವಿಯನ್ನು ಊಟದ ನಡುವೆ ಬಾಗಿಲು ಹಾಕಿ ಹೊರಗೆ ನಿಲ್ಲಿಸಿದವು. ಇವಳು ಮುಚ್ಚಿದ ಕೂಡಲೆ ತಿಲಕನ ಕಡೆಯದೂ ಆಯಿತೆಂದುಕೊಂಡು ಅಂಗಡಿ ಕಟ್ಟುತ್ತದೆ, ಅವನು ಜಾಗಟೆ ಹಿಡಿದು ಒಳಗೆ ನಿಂತಿರುತ್ತಾನೆ, ಮತ್ತೆ ತೆರೆಯುವವರಿಲ್ಲ, ಇವಳು ಎಷ್ಟು ತಟ್ಟಿದರೂ ರಿಫ್ಯೂಸ್ಡ್, ರಿಫ್ಯೂಸ್ಡ್. ತಪ್ಪಾಯ್ತು ತಿಲಕ್, ನಿನ್ನದಲ್ಲ, ನನ್ನದೇ. ಆಹಾ, ದಿಲ್ಲಿಯವರು ತಪ್ಪು ಒಪ್ಪಿಕೊಂಡದ್ದು ಇದೇ ಮೊದಲು, ಅಪ್ಪನಿಗೆ ಹೇಳ್ತೇನೆ ಇರಿ, ಈಗ ಏನು ಮಾಡ್ತೀರಿ, ಹೊತ್ತಿಲ್ಲ, ಭಟ್ಟರು ಒಳಗೆ ಹೋದ್ರು. ಒಂದು ದಾರಿಯಿದೆ, ಆಗಾಗ ಇದ್ದೀಯಾ ಎಂದು ಕೇಳುವುದು, ಇದ್ದೇನೆ ಎಂದು ಆಚೆಯಿಂದ ಹೇಳಿಸುವುದು, ಎಲ್ಲರೂ ಹಾಗೇ ಮಾಡುತ್ತಾರೆ, ಆದರೆ ಅದಕ್ಕೆ ಎರಡೂ ಕಡೆ ಬರೆಯಬೇಕು, ಹೊತ್ತಿಲ್ಲ, ಹೊತ್ತಿದ್ದರೂ ಉಣ್ಣುತ್ತ ಕೂತವರನ್ನು ಹಾಗೆ ಕೇಳುವುದುಂಟೇ. ತನ್ನ ಕಡೆಯ, ಮುಚ್ಚು ಎನ್ನುವ ಆ ಸಾಲನ್ನೇ ತೆಗೆದುಹಾಕಿದಳು. ಎಷ್ಟು ಹೊತ್ತಾದರೂ ಸರಿ, ನೀನಾಗಿ ಮುಚ್ಚಬೇಡ. ಇವತ್ತಿನ ನಂಬರು ಹೇಳು ತಿಲಕ್, ನಿಧಾನಕ್ಕೆ ಹೇಳು, ಹಾಂ, ಹಾಂ, ಇನ್ನೊಮ್ಮೆ. ಸರಿ ಅಕ್ಕ, ಅಂಗಿ ತೆಗೆದು ಒಳಗೆ ಹೋಗ್ತಿದ್ದೇನೆ, ಫೋನು ಚಪ್ಪಲಿಯ ಹತ್ತಿರ ಇಡ್ತೇನೆ, ಇನ್ನು ಕರೆದ್ರೆ ನಾನು ಸಿಗಲ್ಲ. ಕನೆಕ್ಟೆಡ್, ಎಂದಿತು.

ಸ್ಪೀಕರಿನಲ್ಲಿ ಮೊದಲು ಗಾಳಿ, ಆಮೇಲೆ ಬರಿಗಾಲುಗಳು ಕಲ್ಲಿನ ಮೇಲೆ, ಯಾರೋ ಶಾಂತಮ್ಮಾ ಈಚೆ ಬನ್ನಿ ಇಲ್ಲಿ ನೆರಳುಂಟು ಎನ್ನುತ್ತಿದ್ದಾರೆ, ಕೊಡಪಾನ ಕೆಳಗಿಟ್ಟ ಸದ್ದು, ದೂರದಲ್ಲಿ ಚಿಕ್ಕಪ್ಪನ ಕೆಮ್ಮು, ಅಪ್ಪಯ್ಯನ ಹುಬ್ಬು ಎದ್ದಿತು, ಶಂಕ್ರ, ಎಂದರು, ತೊದಲದೆ, ತಮ್ಮನ ಕೆಮ್ಮನ್ನು ಗುರುತು ಹಿಡಿದು. ಅಮ್ಮ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು, ಅನನ್ಯಾ ಮಂಚದ ಅಂಚಿಗೆ ಬಂದು ಕೂತಳು, ಚೆಂಡೆ ಏರಿತು, ಶಂಖ, ಜಾಗಟೆ, ಈ ಪುಟ್ಟ ಕೋಣೆಯ ಕಿಟಕಿಯ ಗಾಜು ಸಣ್ಣಗೆ ನಡುಗಿತು, ಮತ್ತೆ ಎಲ್ಲ ಒಮ್ಮೆಗೇ ನಿಂತಿತು. ನಿಂತೇಬಿಟ್ಟಿತು. ಈಗ ತೆರೆ ಹಾಕಿದರು. ಶರ್ಮಿಳಾ ಅದನ್ನು ಕಂಡದ್ದು ಒಂದೇ ಸಲ, ಏಳೆಂಟು ವರ್ಷದವಳಿದ್ದಾಗ, ಬೇಸಿಗೆ ರಜೆಯಲ್ಲಿ, ಅಮ್ಮನ ಸೆರಗಿನ ಪಕ್ಕದಿಂದ, ಕುಂಕುಮದ ಬಣ್ಣದ ಹತ್ತಿಯ ಬಟ್ಟೆ, ಅದರ ಹಿಂದೆ ಭಟ್ಟರ ಕೈಯ ದೀಪ, ದೀಪ ಕಾಣುವುದಿಲ್ಲ, ಬಟ್ಟೆಯ ಮೇಲೆ ಬೆಳಕಿನ ಒಂದು ಗುಂಡಗಿನ ಕಲೆ ಮಾತ್ರ ಕಾಣುತ್ತದೆ, ಅದು ಬಲದಿಂದ ಎಡಕ್ಕೆ ಸರಿಯಿತು, ತೆರೆಯ ಕೆಳಗಿನ ಅಂಚು ಅಲುಗಿತು, ಒಳಗೆ ಯಾರೋ ಕಾಲು ಮಡಚಿ ಕೂತ ಹಾಗೆ. ಲಾಗಿನಲ್ಲಿ ಖಾಲಿ. ಹಿಂದಿನ ದಿನಗಳಲ್ಲಿ ಈ ಖಾಲಿ ಇಷ್ಟು ಉದ್ದ ಇರಲಿಲ್ಲ, ಇಷ್ಟರಲ್ಲಿ ಮುಚ್ಚಿರುತ್ತಿತ್ತು, ದಾಟಿದೆ, ದಾಟಿ ಮುಂದೆ ಬಂದಿದೆ, ಆದರೆ ಇದು ಮೌನವೋ ಲೈನು ಸತ್ತದ್ದೋ, ಈಗ ಹೇಳುವವರು ಯಾರು, ಹೇಳುವುದಕ್ಕೆಂದೇ ಇದ್ದ ಸಾಲನ್ನು ತಾನೇ ತೆಗೆದಾಯಿತು, ತೆಂಗಿನ ಮರದ ಮೇಲೆ ವಯರು ಹರಿದಿದ್ದರೂ ಹೀಗೇ ಇರುತ್ತದೆ, ಹೊನ್ನೆಕಟ್ಟೆಯಲ್ಲಿ ಕರೆಂಟು ಹೋಗಿದ್ದರೂ ಹೀಗೇ, ಬೆಳಕಿನ ಕಲೆ ಬಲದಿಂದ ಎಡಕ್ಕೆ, ತಿಲಕನ ಫೋನು ಚಪ್ಪಲಿಗಳ ನಡುವೆ, ಇನ್ನೊಮ್ಮೆ ಕನೆಕ್ಟ್ ಮಾಡಲೇ, ಸತ್ತಿದ್ದರೆ ಅದೇ ಸರಿ, ಬದುಕಿದ್ದರೆ ಅದರಷ್ಟು ದೊಡ್ಡ ತಪ್ಪಿಲ್ಲ, ಇವಳು ಬಿಟ್ಟ ಕೂಡಲೆ ಅಲ್ಲಿ ಮುಚ್ಚುತ್ತದೆ, ಮತ್ತೆ ತೆರೆಯುವವರಿಲ್ಲ, ಬರುವ ನವರಾತ್ರಿ ಇಲ್ಲ, ಇದೆ, ಇಲ್ಲ, ತಾಯಿ, ಒಂದು ಅಕ್ಷರ ಕಳಿಸು, ಒಂದು ಹೂವು ಬೀಳಿಸು, ಯಾರಾದರೂ ಒಂದು ಮಗು ಅಳಲಿ, ಬಾಯಿ ಮುಚ್ಚಿ ಹಿಡಿದುಕೊಂಡಿರುತ್ತಾರಂತೆ, ಕುಂಕುಮದ ಬಣ್ಣದ ಬಟ್ಟೆ, ಬೆಳಕು ಎಡದಲ್ಲಿ ನಿಂತಿದೆ, ಬೆರಳು ತಾನಾಗಿಯೇ ಕೀಲಿಮಣೆಯ ಮೇಲೆ ಬಂತು, ಮುಟ್ಟಲಿಲ್ಲ, ಮುಟ್ಟುವಷ್ಟು ಹತ್ತಿರ ಬಂತು, ಮತ್ತೆ ಆ ಕೈಯ ಮೇಲೆ ಏನೋ ಬೆಚ್ಚಗೆ, ಅಪ್ಪಯ್ಯನ ಎಡಗೈ, ಮಂಚದಿಂದ ಅಷ್ಟು ದೂರ ಹೇಗೆ ಚಾಚಿದರೋ, ಕಣ್ಣು ಮುಚ್ಚಿದೆ, ಮುಖದಲ್ಲಿ ಅವಸರವಿಲ್ಲ, ಎಂದಾದರೂ ಆ ಮುಖದಲ್ಲಿ ಅವಸರವಿಲ್ಲದ್ದನ್ನು ಅವಳು ಕಂಡದ್ದುಂಟೇ, ತುಟಿ ಅಲುಗಿತು, ಇರು ಮಗಾ, ತೆರೆ ಉಂಟು. ಅವರಿಗೆ ಕಾಣುತ್ತಿದೆ. ಅವರು ಅಲ್ಲಿದ್ದಾರೆ, ಕಲ್ಲಿನ ಮೇಲೆ, ಬರಿಗಾಲಿನಲ್ಲಿ, ಜನರ ನಡುವೆ, ಬಟ್ಟೆಯ ಈಚೆಗೆ. ಅವಳು ಕೈ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಬೆಳಕಿನ ಕಲೆ ಸರಿಯಿತು. ತೆರೆಯ ಕೆಳಗಿನ ಅಂಚು. ಕುಂಕುಮದ ಬಣ್ಣದ, ಅಲುಗುವ, ಇನ್ನೂ ಅಲುಗುತ್ತಿರುವ ಅಂಚು.